ಮತ್ಸ್ಯಕನ್ಯೆಗೊಂದು ಅಂಕಿತ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ತೊಟ್ಟಿಲ ಕೂಸಿಗೆ ಹೆಸರನ್ನು ಕೇಳುವಂಥವು. ಉಳಿದವು ಹೊಸ ಮನೆಗೆ, ಕಿರಾಣಿ ಅಂಗಡಿಗೆ, ಎಣ್ಣೆಯ ಗಾಣಕ್ಕೆ, ಒಮ್ಮೊಮ್ಮೆ ಎತ್ತಿನ ಜೋಡಿಗೆ. ಕಳೆದ ತಿಂಗಳು ಬಂದ ಪತ್ರವೊಂದು ಇವಾವ ಸಾಲಿಗೂ ಸೇರದು. ಬರೆದವರು ನನ್ನ ಬಹುಕಾಲದ ಪರಿಚಿತರು, ನಿವೃತ್ತ ಶಿಕ್ಷಕರು. ಅವರ ಮೊಮ್ಮಗಳು ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಅಮೆರಿಕದ ಫ್ಲೋರಿಡಾ ರಾಜ್ಯಕ್ಕೆ ಹೋಗಿ ನೆಲೆಸಿದವಳು. ಈಜು ಕಲಿಸುವ ಕೆಲಸದಲ್ಲಿದ್ದ ಆಕೆ ಈಗ ಸ್ವಂತ ಉದ್ಯೋಗವೊಂದನ್ನು ತೊಡಗಲಿರುವಳು. ಸೊಂಟದಿಂದ ಕೆಳಗೆ ಮೀನಿನ ಬಾಲವನ್ನು ಧರಿಸಿ, ಕೊಳಗಳಲ್ಲಿ, ಗಾಜಿನ ಜಲಾಶಯಗಳಲ್ಲಿ, ಮಕ್ಕಳ ಹುಟ್ಟುಹಬ್ಬಗಳಲ್ಲಿ ಮತ್ಸ್ಯಕನ್ಯೆಯಾಗಿ ಪ್ರದರ್ಶನ ನೀಡುವುದೇ ಆ ಉದ್ಯೋಗ. ಅದಕ್ಕೊಂದು ವ್ಯಾಪಾರನಾಮ ಬೇಕಾಗಿದೆ.

“ಹೆಸರನ್ನು ತಾವೇ ಸೂಚಿಸಿರಿ. ಆದರೆ ನಮ್ಮ ಮನೆತನದ ಹೆಸರು ಅದರಲ್ಲಿ ಬರದಂತೆ ನೋಡಿಕೊಳ್ಳಿರಿ” ಎಂದು ಗುರುಗಳು ಬರೆದಿದ್ದರು. ಜೊತೆಗೆ ಮೊಮ್ಮಗಳು ಕಳಿಸಿದ ನಾಲ್ಕು ಹೆಸರುಗಳ ಪಟ್ಟಿಯಿತ್ತು. ನಾಲ್ಕನೆಯದು ಅವರ ಮನೆತನದ ಅಡ್ಡಹೆಸರೇ. ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಅಜ್ಜನ ವಾಕ್ಯಕ್ಕೂ ಮೊಮ್ಮಗಳ ಗೆರೆಗೂ ನಡುವೆ ನಾನು ಸಿಲುಕಿದೆನೆಂಬುದು ಆಗ ತಿಳಿಯಿತು.

ಇದು ಎಂಥ ಕೆಲಸವೆಂಬುದನ್ನು ಮೊದಲು ಅರಿಯಬೇಕು. ಆಕೆ ಇರುವ ರಾಜ್ಯವೇ ಇದರ ತವರು. ಫ್ಲೋರಿಡಾದ ಪಶ್ಚಿಮ ಕರಾವಳಿಗೆ ಸಮೀಪದಲ್ಲಿ ವೀಕಿ ವಾಚಿ ಎಂಬ ಬುಗ್ಗೆಯುಂಟು. ದಿನವೊಂದಕ್ಕೆ ಸುಮಾರು 44 ಕೋಟಿ ಲೀಟರು ತಿಳಿನೀರು ಅಲ್ಲಿ ಭೂಗರ್ಭದಿಂದ ಉಕ್ಕುವುದು. ವರ್ಷವಿಡೀ ಅದರ ಉಷ್ಣತೆ 23 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಅಮೆರಿಕದ ನೌಕಾದಳದ ಮುಳುಗಾಳುಗಳಿಗೆ ಶಿಕ್ಷಣವಿತ್ತಿದ್ದ ನ್ಯೂಟನ್ ಪೆರ್ರಿ ಎಂಬಾತ ಆ ಬುಗ್ಗೆಯ ದಂಡೆಯಲ್ಲಿ, ನೀರಿನ ಮಟ್ಟಕ್ಕಿಂತ ಆರಡಿ ಕೆಳಗೆ, 18 ಆಸನಗಳ ಪುಟ್ಟ ರಂಗಮಂದಿರವನ್ನು ಕಟ್ಟಿ 1947ರ ಅಕ್ಟೋಬರ್ 13ರಂದು ಮೊದಲ ಪ್ರದರ್ಶನವನ್ನು ನಡೆಸಿದನು. ಪ್ರೇಕ್ಷಕರು ಗಾಜಿನ ಈಚೆ, ಕಲಾವಿದೆಯರು ಗಾಜಿನ ಆಚೆ. ಬೆನ್ನಿಗೆ ಗಾಳಿಯ ಭರಣಿಯನ್ನು ಕಟ್ಟಿಕೊಳ್ಳದೆ, ನೀರಿನಲ್ಲಿ ಇಳಿಬಿಟ್ಟ ರಬ್ಬರಿನ ಕೊಳವೆಯಿಂದ ಆಗಾಗ ಒಂದೊಂದು ಉಸಿರನ್ನು ಪಡೆದು, ಕಣ್ತೆರೆದು ನಗುತ್ತ ಆಡುವ ವಿದ್ಯೆ ಅದು. ಈ ಕ್ರಮ ಅಲ್ಲಿ ಇಂದಿಗೂ ನಡೆದಿದೆ.

ನಾಮವಿಚಾರಕ್ಕೆ ಆ ಸ್ಥಳದ ಚರಿತ್ರೆಯೇ ಒಂದು ಪಾಠ. ವೀಕಿ ವಾಚಿ ಎಂಬುದು ಸೆಮಿನೋಲ್ ಮೂಲನಿವಾಸಿಗಳ ನುಡಿ. ಚಿಕ್ಕ ಬುಗ್ಗೆ ಎಂದೋ ಬಳುಕಿ ಹರಿವ ಹೊಳೆ ಎಂದೋ ಅದಕ್ಕೆ ಅರ್ಥ ಹೇಳುವರು. ಪೆರ್ರಿ ಆ ಹೆಸರನ್ನು ಕಿತ್ತು ಹಾಕಿ ಥಳಕಿನ ಹೊಸ ಹೆಸರನ್ನು ಇಡಲಿಲ್ಲ. ಹೊಳೆಯ ಹೆಸರೇ ಆಟದ ಹೆಸರಾಯಿತು. 1959ರಲ್ಲಿ ಅಮೆರಿಕನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಅದನ್ನು ಕೊಂಡಾಗಲೂ ಹೆಸರು ಉಳಿಯಿತು. 1966ರಲ್ಲಿ ಬೆರಳೆಣಿಕೆಯ ನಿವಾಸಿಗಳ ಆ ಜಾಗವನ್ನು ಅದೇ ಹೆಸರಿನ ನಗರವೆಂದು ಘೋಷಿಸಿದರು. ನಕ್ಷೆಯಲ್ಲಿ ಹೆಸರು ಕಂಡರೆ ದಾರಿಹೋಕರು ಬಂದಾರೆಂಬುದೂ ಲೆಕ್ಕಾಚಾರದಲ್ಲಿತ್ತು. 2008ರಲ್ಲಿ ಬುಗ್ಗೆ ರಾಜ್ಯದ ಉದ್ಯಾನವಾಯಿತು. 2020ರಲ್ಲಿ ಆ ಕಾಗದದ ನಗರವನ್ನು ಶಾಸನದ ಮೂಲಕ ವಿಸರ್ಜಿಸಿದರು. ನಗರ ಹೋಯಿತು, ಆಟ ನಿಂತಿಲ್ಲ. ತಾರುಣ್ಯದಲ್ಲಿ ಅಲ್ಲಿ ಈಜಿದ ಹಿರಿಯ ಮಹಿಳೆಯರು ಮುಂದೆ ಮರಳಿ ಬಂದು, ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ ಮತ್ತೆ ಬಾಲ ತೊಟ್ಟು ಪ್ರದರ್ಶನವಿತ್ತುದೂ ಉಂಟು. ನಮ್ಮ ‘ಮತ್ಸ್ಯಕನ್ಯೆ’ ಎಂಬ ಪದದ ಉತ್ತರಾರ್ಧ ಅವರಿಗೆ ಹೇಗೆ ಹೊಂದೀತೆಂದು ವ್ಯಾಕರಣದ ವಿದ್ಯಾರ್ಥಿಯಾದ ನಾನು ಕ್ಷಣಕಾಲ ಯೋಚಿಸಿದೆನು. ಅವರಂತೂ ಯೋಚಿಸಿದಂತಿಲ್ಲ.

ಇನ್ನು ಹುಡುಗಿಯ ಪಟ್ಟಿ.

ಮೊದಲನೆಯದು ‘ಏರಿಯಲ್’ ಎಂಬುದರೊಡನೆ ಆಕೆಯ ಊರಿನ ಹೆಸರು. ಇದನ್ನು ನಾನು ಒಡನೆಯೇ ಹೊಡೆದುಹಾಕಿದೆನು. ಆದರೆ ಕಾರಣವನ್ನು ಬಿಡಿಸಿ ಹೇಳಬೇಕು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಮತ್ಸ್ಯಕನ್ಯೆಯ ಕಥೆಯಲ್ಲಿ ನಾಯಿಕೆಗೆ ಹೆಸರೇ ಇಲ್ಲ. ಏರಿಯಲ್ ಎಂಬುದು 1989ರಲ್ಲಿ ಡಿಸ್ನಿ ಸಂಸ್ಥೆಯ ಚಲನಚಿತ್ರದಲ್ಲಿ ಆಕೆಗೆ ಬಂದ ಹೆಸರು. ಆಂಡರ್ಸನ್ನನ ಕಥೆ ಈಗ ಎಲ್ಲರ ಸೊತ್ತು. 2017ರಲ್ಲಿ ಗೊಂಬೆಗಳ ವ್ಯಾಪಾರದವರೊಬ್ಬರು ‘ಲಿಟಲ್ ಮರ್ಮೇಡ್’ ಎಂಬುದನ್ನು ತಮ್ಮ ಗೊಂಬೆಗಳ ಮುದ್ರೆಯಾಗಿ ನೋಂದಾಯಿಸಬಯಸಿದಾಗ, ಆ ಪದಗಳು ಕಥೆಯ ಪಾತ್ರವನ್ನು ವರ್ಣಿಸುವವೇ ಹೊರತು ಒಬ್ಬ ವರ್ತಕನನ್ನು ಗುರುತಿಸುವಂಥವಲ್ಲವೆಂದು ಅಮೆರಿಕದ ವ್ಯಾಪಾರಮುದ್ರೆಗಳ ಮಂಡಳಿ ನಿರಾಕರಿಸಿತು. ಆದರೆ ಆ ಚಿತ್ರದ ಕೆಂಗೂದಲಿನ, ಹಸಿರು ಬಾಲದ ಏರಿಯಲ್ ಡಿಸ್ನಿಯವರದೇ. ಹುಟ್ಟುಹಬ್ಬದ ಮಕ್ಕಳು ಆಕೆಯನ್ನೇ ಕೇಳುವರೆಂಬುದು ನಿಜ. ಆ ಹೆಸರಿನಿಂದ ಮೊದಲ ವರ್ಷ ಗಿರಾಕಿಗಳು ಬಂದಾರು. ವಕೀಲರ ಪತ್ರವೂ ಬಂದೀತು. ವಕೀಲರು ಬಾರದಿದ್ದರೂ ಇನ್ನೊಂದು ನಷ್ಟವಿದೆ. ಮನೆಗೆ ಹೋದ ಮಗು ತಾನು ಏರಿಯಲ್‌ಳನ್ನು ಕಂಡೆನೆನ್ನುವುದು. ಉಸಿರು ಕಟ್ಟಿ ದುಡಿದವಳ ಹೆಸರು ಯಾರ ಬಾಯಲ್ಲೂ ಬಾರದು.

ಎರಡನೆಯದು ‘ಸೈರನ್’ ಕೂಡಿದ ಹೆಸರು. ಗ್ರೀಕರ ಪುರಾಣದ ಸೈರನ್ನರು ಮೊದಲಿಗೆ ಮೀನಿನ ಮೈಯವರಲ್ಲ. ಹಳೆಯ ಗ್ರೀಕ್ ಕುಂಭಗಳ ಮೇಲೆ ಅವರು ಹಕ್ಕಿಯ ಮೈಯ ಹೆಂಗಸರು. ಮಧ್ಯಯುಗದಲ್ಲಿ ಅವರಿಗೆ ಬಾಲ ಮೂಡಿತು. ಫ್ಲೋರಿಡಾದಲ್ಲಿ ಸ್ಪ್ಯಾನಿಷ್ ನುಡಿವವರು ಬಹಳ. ಅವರ ಭಾಷೆಯಲ್ಲಿ ‘ಸಿರೇನಾ’ ಎಂದರೆ ಮತ್ಸ್ಯಕನ್ಯೆಯೇ. ಇಷ್ಟರ ಮಟ್ಟಿಗೆ ಹೆಸರು ಒಳ್ಳೆಯದು. ಆದರೆ ಸೈರನ್ನರ ಕೆಲಸವೇನು? ಹಾಡಿ ಕರೆದು ನಾವಿಕರನ್ನು ಸಾವಿಗೆ ಎಳೆಯುವುದು. ಪರರ ಮಕ್ಕಳನ್ನು ಕೊಳದ ದಂಡೆಗೆ ಕರೆವವಳು ಇಟ್ಟುಕೊಳ್ಳತಕ್ಕ ಹೆಸರೆಂದು ನನಗೆ ತೋರಲಿಲ್ಲ. ನಮ್ಮ ಕಡೆಯವರ ಕಿವಿಗಾದರೆ ಅದು ಗಿರಣಿಯ ಭೋಂಗಾ.

ಮೂರನೆಯದನ್ನು ಓದಿ ಸಂತೋಷವಾಯಿತು. ‘ಸುವರ್ಣಮತ್ಸ್ಯಾ’! ಥಾಯ್ಲೆಂಡಿನ ರಾಮಾಯಣವಾದ ರಾಮಕಿಯನ್‌ನಲ್ಲಿ ಸುವರ್ಣಮಚ್ಛಾ ಎಂಬ ಮತ್ಸ್ಯಕನ್ಯೆ ಬರುವಳು. ಅಲ್ಲಿ ಆಕೆ ರಾವಣನ ಮಗಳು. ಸೇತುವೆಗೆ ಹಾಕಿದ ಕಲ್ಲುಗಳನ್ನು ಕದ್ದೊಯ್ಯಲು ಬಂದವಳು ಹನುಮಂತನಿಗೆ ಮನಸೋತು ಆ ಕೆಲಸವನ್ನೇ ಬಿಟ್ಟಳು. ಆಕೆಯ ಚಿತ್ರವನ್ನು ಶುಭವೆಂದು ಅಂಗಡಿಗಳಲ್ಲಿ ತೂಗುಹಾಕುವ ಪದ್ಧತಿ ಆ ದೇಶದಲ್ಲಿದೆ. ಹೆಸರಿನಲ್ಲಿ ದೋಷವಿಲ್ಲ; ದೋಷವಿರುವುದು ‘ತ್ಸ್ಯ’ ಎಂಬ ಒತ್ತಿನಲ್ಲಿ. ನಾನು ಮಠದಲ್ಲಿ ಅಮರಕೋಶದ ವಾರಿವರ್ಗವನ್ನು ಬಾಯಿಪಾಠ ಮಾಡುತ್ತಿದ್ದಾಗ ಇದೇ ಒತ್ತಿಗೆ ಗುರುಗಳಿಂದ ಕಿವಿ ಹಿಂಡಿಸಿಕೊಂಡವನು. ದೂರವಾಣಿಯಲ್ಲಿ ಒಮ್ಮೆ ಕೇಳಿದವನು ತಪ್ಪಿಲ್ಲದೆ ಬರೆದುಕೊಳ್ಳಲಾರದ ಹೆಸರು ವ್ಯಾಪಾರಕ್ಕೆ ಸಲ್ಲದು. ಬದಲಿಗೆ ‘ಮೀನ’ವನ್ನು ಇಡೋಣವೆಂದರೆ, ಇಂಗ್ಲಿಷಿನಲ್ಲಿ ‘ಮೀನ್’ ಎಂಬುದಕ್ಕೆ ಜಿಪುಣ, ನಿರ್ದಯ ಎಂಬ ಅರ್ಥಗಳಿವೆ. ನನಗೆ ಬಹಳ ಹಿಡಿಸಿದ್ದು ನಮ್ಮ ‘ತೆರೆ’ ಎಂಬ ಪದ. ಅಲೆಯೂ ಹೌದು, ರಂಗದ ಪರದೆಯೂ ಹೌದು. ಕಣ್ಣು ತೆರೆ ಎಂಬ ಕ್ರಿಯೆಯೂ ಅದರಲ್ಲುಂಟು. ಎರಡು ದಿನ ಅದನ್ನೇ ನೆನೆದು ಹಿಗ್ಗಿದೆನು. ಅಮೆರಿಕದ ಲಿಪಿಯಲ್ಲಿ ಬರೆದರೆ ಜನರು ‘ಟಿಯರ್’ ಎಂದು ಓದಿ ಕಣ್ಣೀರೆಂದು ತಿಳಿದಾರೆಂದು ನನ್ನ ಮಗನು ಹೇಳಿದ ಬಳಿಕ ಕೈಬಿಟ್ಟೆನು. ಒಲ್ಲದ ಮನಸ್ಸಿನಿಂದ.

ಉಳಿದದ್ದು ಎರಡು ಗೆರೆ ಎಳೆದ ಹೆಸರು.

ಅಡ್ಡಹೆಸರು ಬೇಡವೆಂಬಲ್ಲಿ ನಾನು ಗುರುಗಳ ಜೊತೆಗಿದ್ದೇನೆ, ಅವರ ಕಾರಣದ ಜೊತೆಗಿಲ್ಲ. ಕೇವಲ ಅಡ್ಡಹೆಸರೆಂದೇ ತೋರುವ ಪದವನ್ನು ಅಮೆರಿಕದ ಕಛೇರಿ ಸುಲಭವಾಗಿ ವ್ಯಾಪಾರಮುದ್ರೆಯೆಂದು ಪ್ರಧಾನ ದಾಖಲೆಗೆ ಏರಿಸದು. ಬಹುಕಾಲದ ಬಳಕೆಯಿಂದ ಜನರು ಅದನ್ನು ಆ ಒಬ್ಬರ ಸರಕಿನ ಗುರುತೆಂದೇ ಅರಿತಿರಬೇಕು. ಹೊಸದಾಗಿ ತೊಡಗುವವಳಿಗೆ ಅದು ತಡೆ. ಇದು ವ್ಯವಹಾರದ ಮಾತು. ಗುರುಗಳ ಮನಸ್ಸಿನಲ್ಲಿರುವುದು ಬೇರೆ. ಮನೆಯ ಹೆಣ್ಣುಮಗಳು ಬಾಲ ಕಟ್ಟಿಕೊಂಡು ನೀರಿನಲ್ಲಿ ಆಡುವಳೆಂದರೆ ನಾಲ್ಕು ಜನ ಏನೆಂದಾರೆಂಬ ಅಳುಕು. ಅವರೊಡನೆ ದೂರವಾಣಿಯಲ್ಲಿ ಮಾತನಾಡುವಾಗ ಒಂದು ಪ್ರಶ್ನೆ ಕೇಳಿದೆನು: ನಮ್ಮ ಸೀಮೆಯ ಅಂಗಡಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳು ಎಲ್ಲಿಂದ ಬಂದವು? ಯಾರೋ ಹಿರಿಯರು ಸಂತೆಯಲ್ಲಿ ಕುಳಿತು ಮಾರಿದ ಸರಕೇ ವಂಶಕ್ಕೆ ಹೆಸರಾಯಿತಲ್ಲವೆ? ಗುರುಗಳ ಅಡ್ಡಹೆಸರೂ ಅಂಥದೇ ಒಂದು. ಅವರು ನಕ್ಕರು, ಒಪ್ಪಿದೆನೆನ್ನಲಿಲ್ಲ.

ಅವರಿಗೆ ಅಂಬಿಗರ ಚೌಡಯ್ಯನವರನ್ನು ನೆನಪಿಸಿದೆನು. ಅಂಕಿತವೆಂದರೆ ಗುರುತು, ಮುದ್ರೆ. ಬಸವಣ್ಣನವರ ವಚನಗಳ ಅಂಕಿತದಲ್ಲಿ ಎರಡು ಹೊಳೆಗಳು ಕೂಡುವ ಸಂಗಮಸ್ಥಳವಿದೆ. ಚೌಡಯ್ಯನವರಾದರೋ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು, ಅದೂ ದೋಣಿ ನಡೆಸುವ ಕಾಯಕದ ಸಮೇತ. ಎಂಟು ನೂರು ವರ್ಷಗಳಾದವು. ಆ ಮುದ್ರೆಯನ್ನು ಇನ್ನೊಬ್ಬರದೆಂದು ಭ್ರಮಿಸಿದವರಿಲ್ಲ.

ಇದೇ ದಾರಿಯನ್ನು, ಅರಿಯದೆಯೇ, ಈ ವೃತ್ತಿಯ ಹಿರಿಯಳೊಬ್ಬಳು ಹಿಡಿದಿದ್ದಳು. ಆಸ್ಟ್ರೇಲಿಯದ ಆನೆಟ್ ಕೆಲ್ಲರ್‌ಮನ್ 1886ರಲ್ಲಿ ಹುಟ್ಟಿದವಳು. ಬಾಲ್ಯದಲ್ಲಿ ಕಾಲು ದುರ್ಬಲವಾಗಿದ್ದುದರಿಂದ ಈಜಿಗೆ ಹಾಕಿದರು; ಮುಂದೆ ಗಾಜಿನ ತೊಟ್ಟಿಗಳಲ್ಲಿ ಪ್ರದರ್ಶನ ನೀಡಿದಳು, 1914ರ ‘ನೆಪ್ಚೂನ್ಸ್ ಡಾಟರ್’ ಮೊದಲಾದ ಚಿತ್ರಗಳಲ್ಲಿ ನಟಿಸಿದಳು. ಜನರು ಕೊಟ್ಟ ಬಿರುದುಗಳು ಹಲವು. ಆಕೆ ಮಾತ್ರ ಕೊನೆಯವರೆಗೂ ಆನೆಟ್ ಕೆಲ್ಲರ್‌ಮನ್ನಳೇ.

ಆದುದರಿಂದ ಹುಡುಗಿಗೆ ಹೀಗೆ ಬರೆದೆನು: ನಿನ್ನ ತೊಟ್ಟಿಲ ಹೆಸರು ಎರಡೇ ಅಕ್ಷರದ್ದು, ಯಾವ ನಾಲಗೆಗೂ ಹೊರಳುವಂಥದು. ಅದರ ಮುಂದೆ ‘ಮರ್ಮೇಡ್’ ಎಂದು ಸೇರಿಸು, ಸಾಕು. ಮರ್ಮೇಡ್ ಎಂಬ ಪದದ ಮೇಲೆ ನಿನಗೆ ಒಡೆತನ ಸಿಗದು. ಕೆಲಸವನ್ನು ವರ್ಣಿಸುವ ಪದ ಎಲ್ಲರದು. ಗುರುತಿನ ಭಾರವನ್ನು ನಿನ್ನ ಹೆಸರು ಹೊರಬೇಕು. ಮೊದಲು ಅಮೆರಿಕದ ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಛೇರಿಯ ದಾಖಲೆಯಲ್ಲಿ, ಮನರಂಜನೆಗೆ ಮೀಸಲಾದ 41ನೆಯ ವರ್ಗದಲ್ಲಿ, ಅದೇ ಹೆಸರಿನವರು ಇರುವರೋ ನೋಡು. ವಿಮೆಯ ಪತ್ರ, ಕರಾರು, ಬ್ಯಾಂಕಿನ ಖಾತೆ ಮೂರರಲ್ಲಿಯೂ ಒಂದೇ ಹೆಸರಿರಲಿ. 15ರಿಂದ 20 ಕಿಲೋ ತೂಗುವ ಸಿಲಿಕೋನ್ ಬಾಲ ತೊಟ್ಟವಳಿಗೆ ಕಾಲಿಲ್ಲ. ಆಪತ್ತಿಗೆ ಒದಗಲು ಪಕ್ಕದಲ್ಲೊಬ್ಬ ಈಜುಗಾರ ಸದಾ ಇರಲಿ. ಇದು ಹೆಸರಿನ ವಿಚಾರವಲ್ಲವೆನ್ನಬೇಡ. ಮಹಾಭಾರತದ ಮತ್ಸ್ಯಗಂಧಿ ಯೋಜನಗಂಧಿಯಾದುದು ಗಂಧ ಬದಲಾದ ಮೇಲೆ, ಹೆಸರು ಬದಲಾದುದರಿಂದಲ್ಲ.

ಆ ತೊಟ್ಟಿಲ ಹೆಸರನ್ನು ಇಪ್ಪತ್ತೇಳು ವರ್ಷಗಳ ಹಿಂದೆ ಗುರುಗಳಿಗೆ ಸೂಚಿಸಿದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನನ್ನ ಸಲಹೆಯಲ್ಲಿ ಪಕ್ಷಪಾತ ಇರಬಹುದು.

ಆಕೆ ತನ್ನ ಅಭ್ಯಾಸದ ಚಿತ್ರೀಕರಣವನ್ನು ಕಳಿಸಿದ್ದಳು. ಮೂರು ಸಲ ನೋಡಿದೆನು. ಉಸಿರಿಗಾಗಿ ಮೇಲೆ ಬರುವಾಗಲೆಲ್ಲ ಮಕ್ಕಳಿರುವ ಕಡೆಗೆ ಬೆನ್ನು ಮಾಡುವಳು. ಏದುಸಿರು ಅವರಿಗೆ ಕಾಣಬಾರದು. ತಿರುಗಿದಾಗ ನಗುಮುಖ. ಗುರುಗಳು ಇದನ್ನು ನೋಡಿಲ್ಲವಂತೆ. ನೋಡೆಂದು ನಾನೂ ಒತ್ತಾಯಿಸಲಿಲ್ಲ.

ಇನ್ನೊಂದು ವಿಧಿ ಉಳಿದಿದೆ. ಫ್ಲೋರಿಡಾದಲ್ಲಿ ತನ್ನ ಪೂರ್ಣ ನಾಮಧೇಯವಲ್ಲದ ಹೆಸರಿನಿಂದ ವ್ಯಾಪಾರ ಮಾಡುವವರು ಅದನ್ನು ರಾಜ್ಯದಲ್ಲಿ ನೋಂದಾಯಿಸಬೇಕು. ಐದು ವರ್ಷಗಳ ಆ ನೋಂದಣಿಗೆ 50 ಡಾಲರು ಶುಲ್ಕ. ಅದರಿಂದ ಹೆಸರಿನ ಒಡೆತನ ದೊರೆಯದು, ಜನರಿಗೆ ತಿಳಿವಳಿಕೆ ಮಾತ್ರ. ನೋಂದಣಿಗೆ ಮೊದಲು ಆ ಜಿಲ್ಲೆಯ ಪತ್ರಿಕೆಯಲ್ಲಿ ಒಮ್ಮೆಯಾದರೂ ಪ್ರಕಟಣೆ ಕೊಡಬೇಕೆಂಬುದು ಅಲ್ಲಿಯ ನಿಯಮ. ಪ್ರಕಟಣೆಯ ತುಣುಕನ್ನು ಕತ್ತರಿಸಿ ಅಂಚೆಯಲ್ಲಿ ಅಜ್ಜನ ವಿಳಾಸಕ್ಕೆ ಕಳಿಸೆಂದು ಆಕೆಗೆ ಬರೆದಿದ್ದೇನೆ. ಗುರುಗಳು ಮುದ್ರಿತವಾದ ಯಾವ ಕಾಗದವನ್ನೂ ಪೂರ್ತಿ ಓದದೆ ಕೆಳಗಿಟ್ಟವರಲ್ಲ.