ದೋಣಿಯ ಹೊಗೆ, ದಾರಿಯ ಹೊಗೆ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ)

ದೇಶ ಸುತ್ತು, ಕೋಶ ಓದು ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದುವ ಕೆಲಸವನ್ನು ಕಾಲೇಜು ಹೇಗೋ ನಮ್ಮಿಂದ ಮಾಡಿಸುತ್ತದೆ. ದೇಶ ಸುತ್ತುವ ಕೆಲಸಕ್ಕೆ ಮಾತ್ರ ಯಾರ ಒತ್ತಾಯವೂ ಬೇಕಾಗುವುದಿಲ್ಲ. ಡಿಸೆಂಬರ್ ತಿಂಗಳು ಸಮೀಪಿಸಿತೆಂದರೆ ನಮ್ಮಲ್ಲಿ ವಾರ್ಷಿಕ ಪ್ರವಾಸದ ಮಾತೇ ಮಾತು. ಧಾರವಾಡ-ಹುಬ್ಬಳ್ಳಿಯವರಾದ ನಮಗೆ ಪಡುವಣ ದಿಕ್ಕಿನ ಕಾಡೂ ಕಡಲೂ ದೂರದವಲ್ಲ. ದಾಂಡೇಲಿಯ ಬಳಿ ಕಾಳೀ ನದಿಯ ಮೊಸಳೆಗಳನ್ನು ನೋಡಬೇಕು, ಕಾರವಾರದಲ್ಲಿ ಅದೇ ನದಿ ಸಮುದ್ರವನ್ನು ಕೂಡುವಲ್ಲಿ ದೋಣಿಯೇರಿ ಡಾಲ್ಫಿನ್ನುಗಳನ್ನು ಕಾಣಬೇಕು ಎಂಬ ಆಸೆ ಯಾರಿಗಿಲ್ಲ? ಆಸೆ ತಪ್ಪಲ್ಲ. ಆದರೆ ಆ ದೋಣಿಗೆ ಒಂದು ಎಂಜಿನ್ನಿದೆ. ಎಂಜಿನ್ನು ಹೊಗೆ ಉಗುಳುತ್ತದೆ. ವನ್ಯಜೀವಿಗಳನ್ನು ಮೆಚ್ಚಿ ಹೋದವರು ಅವುಗಳ ನೀರು, ಗಾಳಿ, ಹವಾಮಾನಗಳನ್ನು ಕೆಡಿಸಿ ಬರುವುದು ಎಷ್ಟರ ಮಟ್ಟಿಗೆ ಸರಿ? ಈ ಪ್ರಶ್ನೆಯ ಬಗ್ಗೆ ನನಗೆ ತೋರಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಹಾಗೂ ಗುರುವರ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿನಲ್ಲಿ ದೋಣಿಯಲ್ಲಿ ಕುಳಿತು ಪ್ರಾಣಿಪಕ್ಷಿಗಳನ್ನು ನೋಡುವ ಪ್ರವಾಸ ಹೊಸದೇನೂ ಅಲ್ಲ. ಸರಕಾರದ್ದೇ ಆದ ಜಂಗಲ್ ಲಾಡ್ಜಸ್ ಎಂಡ್ ರೆಸಾರ್ಟ್ಸ್ ಸಂಸ್ಥೆ 1980ರಲ್ಲಿ ಹುಟ್ಟಿತು. ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಬೇಸಿಗೆಗೆ ನೆರೆಯುವ ಆನೆಗಳನ್ನೂ, ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಗೂಡಿಡುವ ರೀವ ಹಕ್ಕಿಗಳನ್ನೂ ಜನ ದೋಣಿಯಿಂದ ನೋಡುತ್ತಾರೆ. ಕಾರವಾರದ ದೇವಬಾಗದಲ್ಲಿಯೂ ಆ ಸಂಸ್ಥೆಯ ತಂಗುದಾಣವಿದೆ. ಇದಲ್ಲದೆ ಖಾಸಗಿಯಾಗಿ ದೋಣಿ ನಡೆಸಿ ಹೊಟ್ಟೆ ಹೊರೆಯುವ ಕುಟುಂಬಗಳೂ ಕರಾವಳಿಯಲ್ಲಿವೆ. ದೊಡ್ಡದಿರಲಿ ಸಣ್ಣದಿರಲಿ, ಇಂಥ ಪ್ರತಿಯೊಂದು ಸಂಸ್ಥೆಯೂ ತನ್ನಿಂದ ಎಷ್ಟು ಇಂಗಾಲಾಮ್ಲ ವಾಯು ಗಾಳಿಗೆ ಸೇರುತ್ತದೆಂಬ ಲೆಕ್ಕವನ್ನು ಇಡಬೇಕು, ಆ ಲೆಕ್ಕವನ್ನು ಪ್ರವಾಸಿಗರಿಗೆ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಇಂಗಾಲದ ಡೈ ಆಕ್ಸೈಡ್ ಎಂದು ಈಗ ಕರೆಯುವುದನ್ನೇ ಹಳೆಯ ಪಠ್ಯಪುಸ್ತಕಗಳು ಇಂಗಾಲಾಮ್ಲ ಎನ್ನುತ್ತಿದ್ದವು. ನನಗೆ ಆ ಹೆಸರೇ ರುಚಿಸುತ್ತದೆ. ಒಬ್ಬ ಮನುಷ್ಯನಿಂದ ಅಥವಾ ಒಂದು ಸಂಸ್ಥೆಯಿಂದ ಹೊರಬೀಳುವ ಇಂಥ ವಾಯುಗಳ ಒಟ್ಟು ಮೊತ್ತಕ್ಕೆ ಇಂದಿನವರು ಕಾರ್ಬನ್ ಫುಟ್‌ಪ್ರಿಂಟ್, ಅಂದರೆ ಇಂಗಾಲದ ಹೆಜ್ಜೆಗುರುತು ಎಂದು ಹೆಸರಿಟ್ಟಿದ್ದಾರೆ.

ಲೆಕ್ಕವೆಂದೊಡನೆ ಇದು ವಿಜ್ಞಾನದ ವಿದ್ಯಾರ್ಥಿಗಳ ಕೆಲಸ, ಕಲಾ ವಿಭಾಗದ ನಮಗೇಕೆ ಎಂದು ಕೆಲವರು ಕೇಳಬಹುದು. ಹಾಗೇನೂ ಇಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ನಮ್ಮ ತಂದೆಯವರಿಗೆ ಸಹಿ ಮಾಡುವಷ್ಟೇ ಓದು. ಆದರೂ ಬಾಡಿಗೆಗೆ ಟ್ರ್ಯಾಕ್ಟರ್ ನಡೆಸುವ ಅವರು, ಎಷ್ಟು ಡೀಸೆಲ್ಲಿಗೆ ಎಷ್ಟು ಎಕರೆ ರಂಟೆ ಹೊಡೆದಂತಾಯಿತೆಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗೀಟೆಳೆದು ಇಡುತ್ತಾರೆ. ಹೊಗೆಯ ಲೆಕ್ಕದ ಮೊದಲ ಪುಟವೂ ಇಷ್ಟೇ. ಎಷ್ಟು ಲೀಟರ್ ತೈಲ ಸುಟ್ಟಿತೆಂದು ಗೊತ್ತಾದರೆ ಮಿಕ್ಕದ್ದು ಗುಣಾಕಾರ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲಾಮ್ಲ ಹೊರಬೀಳುತ್ತದೆ. ಪೆಟ್ರೋಲಾದರೆ ಸುಮಾರು 2.3. ಒಂದು ಲೀಟರಿನ ತೂಕ ಒಂದು ಕಿಲೋ ಕೂಡ ಇಲ್ಲದಿರುವಾಗ ಇಷ್ಟು ಎಲ್ಲಿಂದ ಬಂತು? ತೈಲದ ಇಂಗಾಲವು ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಳ್ಳುವುದರಿಂದ ತೂಕ ಹೆಚ್ಚುತ್ತದೆ. ಅಡಿಗೆಮನೆಯ 14.2 ಕಿಲೋ ಅನಿಲದ ಸಿಲಿಂಡರು ಮುಗಿದಾಗ ಸುಮಾರು 42 ಕಿಲೋ, ನಮ್ಮ ದೇಶದ ವಿದ್ಯುತ್ತಿನ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ. ಇವಿಷ್ಟು ಅಂಕೆಗಳು ಬಾಯಿಗೆ ಬಂದರೆ ಯಾವ ದೋಣಿಯವನ ಲೆಕ್ಕವನ್ನಾದರೂ ನಾವು ಬರೆದುಕೊಡಬಹುದು.

ಆದರೆ ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ? ನಿಜವಾದ ತೊಡಕು ಇರುವುದು ಇಲ್ಲಿಯೇ. ಜಗತ್ತಿನ ಬಹಳಷ್ಟು ಕಂಪನಿಗಳು ಅನುಸರಿಸುವ, 2001ರಲ್ಲಿ ಪ್ರಕಟವಾದ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್ ಎಂಬ ಪದ್ಧತಿಯು ಲೆಕ್ಕವನ್ನು ಮೂರು ವಲಯಗಳಾಗಿ ವಿಂಗಡಿಸುತ್ತದೆ. ಸಂಸ್ಥೆ ತಾನೇ ಸುಡುವ ತೈಲ, ಅನಿಲಗಳದು ಮೊದಲನೆಯದು. ಕೊಂಡು ಬಳಸುವ ವಿದ್ಯುತ್ತಿನದು ಎರಡನೆಯದು. ಸಂಸ್ಥೆಯ ಹೊರಗೆ, ಆದರೆ ಅದರ ವ್ಯವಹಾರದ ನಿಮಿತ್ತವಾಗಿ ಬೇರೆಯವರು ಬಿಡುವ ಹೊಗೆಯದು ಮೂರನೆಯದು. ಪ್ರವಾಸಿಗರು ಮನೆಯಿಂದ ದೋಣಿಯ ಕಟ್ಟೆಯವರೆಗೆ ಬಂದು ಹೋಗುವ ಪ್ರಯಾಣ ಈ ಮೂರನೆಯದರಲ್ಲಿ ಬೀಳುತ್ತದೆ. ಮೊದಲೆರಡನ್ನು ಬರೆದು ಮೂರನೆಯದನ್ನು ಬಿಟ್ಟುಬಿಟ್ಟರೆ ಕಾಗದದ ಮೇಲೆ ದೋಣಿ ಸಂಸ್ಥೆ ಬಹಳ ಶುಚಿಯಾಗಿ ಕಾಣಿಸುತ್ತದೆ. ಅದು ಅರ್ಧ ಲೆಕ್ಕ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕೆಗಳು ನಾನು ಊಹಿಸಿಕೊಂಡವು. ಗಣಿತ ಮಾತ್ರ ನೇರವಾದುದು. ಕಾರವಾರದಲ್ಲಿ ಹನ್ನೆರಡು ಮಂದಿಯನ್ನು ಕೂಡಿಸಿಕೊಂಡ ಒಂದು ದೋಣಿ ಒಂದು ಸುತ್ತಿಗೆ 8 ಲೀಟರ್ ಡೀಸೆಲ್ ಸುಟ್ಟಿತೆನ್ನಿ. ಹೊರಬಿದ್ದ ಇಂಗಾಲಾಮ್ಲ ಸುಮಾರು 21 ಕಿಲೋ. ಆ ಹನ್ನೆರಡು ಮಂದಿ ಹುಬ್ಬಳ್ಳಿಯಿಂದ ಮೂರು ಕಾರುಗಳಲ್ಲಿ ಬಂದವರು. ಯಲ್ಲಾಪುರ, ಅಂಕೋಲೆಗಳ ಮೇಲೆ ಹಾದು ಕಾರವಾರಕ್ಕೆ ಸುಮಾರು 165 ಕಿಲೋಮೀಟರು, ಹೋಗಿ ಬರಲು 330. ಲೀಟರಿಗೆ 15 ಕಿಲೋಮೀಟರು ಓಡಿದರೆ ಒಂದು ಕಾರಿಗೆ 22 ಲೀಟರ್ ಪೆಟ್ರೋಲು, ಸುಮಾರು 51 ಕಿಲೋ ಇಂಗಾಲಾಮ್ಲ. ಮೂರು ಕಾರುಗಳಿಗೆ 153. ಕೂಡಿದರೆ ಒಟ್ಟು 174 ಕಿಲೋ. ಅದರಲ್ಲಿ ದೋಣಿಯದು ಎಂಟನೆಯ ಒಂದು ಪಾಲು ಮಾತ್ರ! ಅದೇ ಹನ್ನೆರಡು ಮಂದಿ 44 ಜನ ಕುಳಿತ ಬಸ್ಸಿನಲ್ಲಿ ಬಂದಿದ್ದರೆ? ಲೀಟರಿಗೆ 5 ಕಿಲೋಮೀಟರು ಓಡುವ ಬಸ್ಸಿನ ಹೊಗೆಯನ್ನು ಹಂಚಿದಾಗ ತಲೆಗೆ ಸುಮಾರು 4 ಕಿಲೋ ಬೀಳುತ್ತದೆ, ಹನ್ನೆರಡು ಮಂದಿಗೆ 48. ದೋಣಿಯ ಎಂಜಿನ್ನನ್ನು ಮುಟ್ಟದೆಯೇ ಒಟ್ಟು ಮೊತ್ತ 174ರಿಂದ 70ರ ಆಸುಪಾಸಿಗೆ ಇಳಿಯಿತು. ದೋಣಿಯ ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಆದುದರಿಂದ ಅದನ್ನು ಬೈಯುವುದು ಸುಲಭ. ದಾರಿಯ ಹೊಗೆ ದಾರಿಯುದ್ದಕ್ಕೂ ಹರಡಿ ಹೋಗಿರುತ್ತದೆ. ಅದನ್ನು ಬಿಟ್ಟವರು ನಾವೇ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ನೋಡಿ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ತಾಣವದು. ಅಲ್ಲಿ ಅಂಬಿಗರು ಹುಟ್ಟು ಹಾಕಿ ದೋಣಿ ನಡೆಸಿ ಕೊಕ್ಕರೆ, ಮೊಸಳೆಗಳನ್ನು ತೋರಿಸುತ್ತಾರೆ. ಹುಟ್ಟಿನ ದೋಣಿಗೆ ತೈಲವೆಲ್ಲಿಯದು? ಮೊದಲನೆಯ ವಲಯದಲ್ಲಿ ಆ ದೋಣಿಯ ಲೆಕ್ಕ ಸೊನ್ನೆ. ಆದರೂ ದಂಡೆಯ ಮೇಲೆ ಬಂದು ನಿಲ್ಲುವ ಕಾರುಗಳನ್ನು ಎಣಿಸದೆ ರಂಗನತಿಟ್ಟಿನ ಪ್ರವಾಸದಿಂದ ಹೊಗೆಯೇ ಇಲ್ಲವೆಂದು ಹೇಳಲಾದೀತೆ? ಅಂಬಿಗನ ತೋಳನ್ನು ಮೆಚ್ಚಿ ನಮ್ಮ ಚಕ್ರವನ್ನು ಮರೆಯುವುದು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚಿದಂತೆ.

ಅರ್ಥಶಾಸ್ತ್ರ ಓದುವವರಿಗೆ ಪಿಗೂ ಎಂಬ ಆಂಗ್ಲ ಪಂಡಿತನ ಹೆಸರು ಗೊತ್ತಿದೆ. 1920ರಲ್ಲಿ ಪ್ರಕಟವಾದ ತನ್ನ ಕಲ್ಯಾಣ ಅರ್ಥಶಾಸ್ತ್ರದ ಗ್ರಂಥದಲ್ಲಿ ಅವನು ರೈಲ್ವೆ ಎಂಜಿನ್ನಿನ ಕಿಡಿಯ ದೃಷ್ಟಾಂತವನ್ನು ಕೊಡುತ್ತಾನೆ. ಕಿಡಿ ಹಾರಿ ಪಕ್ಕದ ಮರಗಳು ಸುಟ್ಟರೂ ಆ ನಷ್ಟ ರೈಲ್ವೆ ಕಂಪನಿಯ ಖರ್ಚಿನ ಪುಸ್ತಕದಲ್ಲಿ ಸೇರುವುದಿಲ್ಲ. ರೈಲಿನ ಊರಾದ ಹುಬ್ಬಳ್ಳಿಯವರಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾಸದ ಹೊಗೆಯೂ ಅಂಥದೇ ಕಿಡಿ. ಟಿಕೆಟ್ಟಿನ ದರದಲ್ಲಿ ಅದರ ಬೆಲೆ ಸೇರಿಲ್ಲ. ಕಡಲು ಬಿಸಿಯಾಗಿ ಮೀನು ಸರಿದು ಹೋದರೆ ಮೀನುಗಾರನು ತೆರುತ್ತಾನೆ. ಮಳೆ ಹಿಂದುಮುಂದಾದರೆ ನವಲಗುಂದ, ಕುಂದಗೋಳಗಳ ಒಕ್ಕಲಿಗನು ತೆರುತ್ತಾನೆ. ಇವರಲ್ಲಿ ಎಷ್ಟು ಮಂದಿ ಡಾಲ್ಫಿನ್ ನೋಡಲು ಹೋದವರಿದ್ದಾರೆ?

ಇನ್ನು ಕಡಿಮೆ ಮಾಡುವ ಬಗೆ. ಮೊದಲನೆಯದು ವೇಗ. ನೀರನ್ನು ಸೀಳಿಕೊಂಡು ನಿಧಾನವಾಗಿ ಸಾಗುವ ದೋಣಿಗೆ ನೀರಿನ ತಡೆಯು ಸುಮಾರಾಗಿ ವೇಗದ ವರ್ಗದಂತೆ ಏರುತ್ತದೆ. ವೇಗವನ್ನು ಐದನೆಯ ಒಂದು ಪಾಲು ತಗ್ಗಿಸಿದರೆ ಅಷ್ಟೇ ದೂರಕ್ಕೆ ಬೇಕಾಗುವ ತೈಲದಲ್ಲಿ ಮೂರನೆಯ ಒಂದು ಪಾಲಿನಷ್ಟು ಉಳಿಯಬಲ್ಲದು. ಎರಡನೆಯದು ಆರೈಕೆ. ದೋಣಿಯ ಅಡಿಗೆ ಪಾಚಿ, ಚಿಪ್ಪು ಕಟ್ಟಿದರೆ ತಡೆ ಹೆಚ್ಚುತ್ತದೆ. ಕಾಲಕಾಲಕ್ಕೆ ಕೆರೆದು ತೊಳೆದರೆ ತಗ್ಗುತ್ತದೆ. ಮೂರನೆಯದು, ನಿಂತಾಗ ಎಂಜಿನ್ನು ಆರಿಸುವುದು. ಇದರಲ್ಲಿ ಡಾಲ್ಫಿನ್ನಿನ ಹಿತವೂ ಅಡಗಿದೆ. ಅದು ತಾನೇ ಹೊರಡಿಸಿದ ಸಪ್ಪಳದ ಮಾರ್ದನಿ ಕೇಳಿ ದಾರಿಯನ್ನೂ ಆಹಾರವನ್ನೂ ಕಂಡುಕೊಳ್ಳುವ ಪ್ರಾಣಿ. ಎಂಜಿನ್ನಿನ ಗದ್ದಲ ಅದಕ್ಕೆ ನಮ್ಮ ಕಣ್ಣಿಗೆ ಮುಸುಕಿದ ಮಂಜಿನಂತೆ. ಬೆನ್ನಟ್ಟುವ ಬದಲು ದೂರದಲ್ಲಿ ಎಂಜಿನ್ನು ಆರಿಸಿ ಕಾಯ್ದರೆ ತೈಲವೂ ಉಳಿಯುತ್ತದೆ, ಪ್ರಾಣಿಯೂ ನೆಮ್ಮದಿಯಿಂದಿರುತ್ತದೆ. ನಾಲ್ಕನೆಯದು, ಅರೆ ತುಂಬಿದ ಎರಡು ದೋಣಿಗಳ ಬದಲು ಪೂರ್ತಿ ತುಂಬಿದ ಒಂದು ದೋಣಿ ಬಿಡುವುದು. ಈ ನಾಲ್ಕಕ್ಕೂ ದೊಡ್ಡ ಬಂಡವಾಳ ಬೇಡ.

ಬ್ಯಾಟರಿಯ ದೋಣಿ ತಂದರೆ ಎಲ್ಲವೂ ಬಗೆಹರಿಯಿತಲ್ಲ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಇಲ್ಲಿಯೂ ಲೆಕ್ಕವೇ ಮಾತಾಡಬೇಕು. ಡೀಸೆಲ್ ಎಂಜಿನ್ನು ತೈಲದ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ಮಾತ್ರ ಕೆಲಸಕ್ಕೆ ಹಚ್ಚುತ್ತದೆ. 8 ಲೀಟರ್ ಡೀಸೆಲ್ ಮಾಡುವ ಕೆಲಸಕ್ಕೆ ನನ್ನ ಸ್ಥೂಲ ಗಣಿತದಂತೆ ಸುಮಾರು 30 ಯೂನಿಟ್ ವಿದ್ಯುತ್ತು ಬೇಕು. ಅದನ್ನು ಕಂಬದ ತಂತಿಯಿಂದ ತುಂಬಿಕೊಂಡರೆ ಯೂನಿಟ್ಟಿಗೆ 0.7ರಂತೆ 21 ಕಿಲೋ, ಅಂದರೆ ಡೀಸೆಲ್ಲಿನಷ್ಟೇ! ಕಾಳೀ ನದಿಯೇ ನಾಗಝರಿಯಲ್ಲಿ ವಿದ್ಯುತ್ತು ಹುಟ್ಟಿಸುವುದು ನಿಜ. ಆದರೆ ದೇಶದ ವಿದ್ಯುತ್ತೆಲ್ಲ ಒಂದೇ ಹೊಂಡಕ್ಕೆ ಸುರಿದಂತೆ. ಅದರ ಬಹುಪಾಲು ಇನ್ನೂ ಕಲ್ಲಿದ್ದಲಿನದು. ಬ್ಯಾಟರಿಯ ಜೊತೆಗೆ ಬಿಸಿಲೂ ಸೇರಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಕೇರಳದ ವೈಕಂ ಮತ್ತು ತವಣಕ್ಕಡವುಗಳ ನಡುವೆ 2017ರ ಜನವರಿಯಿಂದ ಓಡತೊಡಗಿದ 'ಆದಿತ್ಯ' ಎಂಬ 75 ಆಸನಗಳ ಸರಕಾರಿ ದೋಣಿ ತನ್ನ ಚಾವಣಿಯ ಮೇಲಿನ ಸೌರಫಲಕಗಳಿಂದಲೇ ಹೆಚ್ಚಿನ ಶಕ್ತಿಯನ್ನು ಪಡೆಯುವಂಥದು. ಗದ್ದಲ ಕಡಿಮೆಯಾಗುವುದು ಬ್ಯಾಟರಿಯ ಇನ್ನೊಂದು ಗುಣ. ಹಿನ್ನೀರಿನಂಥ ಶಾಂತ ಜಲದಲ್ಲಿ ನಮ್ಮವರೂ ಇಂಥ ದೋಣಿಗಳತ್ತ ಹೊರಳಲಿ. ಆದರೆ ಹೊಸ ದೋಣಿಗೆ ಹೂಮಾಲೆ ಹಾಕುವ ದಿನವೂ ಲೆಕ್ಕದ ಪುಸ್ತಕ ತೆರೆದಿರಲಿ.

ಮತ್ತೊಂದು ಮಾತು ಆಗಾಗ ಕೇಳಿಬರುತ್ತದೆ: ಹೊಗೆ ಬಿಟ್ಟಷ್ಟಕ್ಕೂ ಸಸಿ ನೆಟ್ಟರಾಯಿತು. ಸಸಿ ನೆಡುವುದು ಒಳ್ಳೆಯದೇ. ಆದರೆ ಇಂದು ಒಂದು ತಾಸಿನಲ್ಲಿ ಬಿಟ್ಟ ಹೊಗೆಯನ್ನು ಹೀರಲು ಸಸಿಗೆ ವರ್ಷಗಳೇ ಬೇಕು, ಅಲ್ಲಿಯವರೆಗೆ ಅದು ಬದುಕಲೂ ಬೇಕು. ಮೊದಲು ಅಳೆಯುವುದು, ಅನಂತರ ತಗ್ಗಿಸುವುದು, ಉಳಿದುದಕ್ಕೆ ಸಸಿ: ಈ ಕ್ರಮ ತಲೆಕೆಳಗಾಗಬಾರದು. 2021ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ ಹೊರಟ ಪ್ರವಾಸೋದ್ಯಮದ ಘೋಷಣೆಯೂ ಅಳತೆಯನ್ನೇ ಮೊದಲ ಹೆಜ್ಜೆಯಾಗಿ ಇಟ್ಟಿದೆ. ಅದಕ್ಕೆ ಸಹಿ ಹಾಕಿದವರು 2030ರೊಳಗೆ ಹೊಗೆಯನ್ನು ಅರ್ಧಕ್ಕಿಳಿಸಲು ಪ್ರಯತ್ನಿಸಬೇಕು.

ಇಷ್ಟು ದೊಡ್ಡ ಜಗತ್ತಿನಲ್ಲಿ ನಾಲ್ಕು ದೋಣಿಗಳ ಹೊಗೆ ಯಾವ ಲೆಕ್ಕ, ಬಡ ದೋಣಿಯವನ ಅನ್ನಕ್ಕೇಕೆ ಕಲ್ಲು ಹಾಕುತ್ತೀರಿ ಎಂಬ ಆಕ್ಷೇಪ ಬರಬಹುದು. ಆಕ್ಷೇಪದ ಎರಡನೆಯ ಭಾಗವನ್ನು ನಾನು ಗೌರವಿಸುತ್ತೇನೆ. ದುಡಿದು ಉಣ್ಣುವ ಮನೆಯಿಂದ ಬಂದವನಿಗೆ ಅದು ತಿಳಿಯದ್ದಲ್ಲ. ಆದರೆ ಉಳಿದ ಡೀಸೆಲ್ಲು ಉಳಿದ ಹಣವೇ ಅಲ್ಲವೆ? ಮೇಲಾಗಿ ನಾನು ಕೇಳುತ್ತಿರುವುದು ದೋಣಿಯವನನ್ನು ದಂಡಿಸಬೇಕೆಂದಲ್ಲ. ಲೆಕ್ಕದ ದೊಡ್ಡ ಪಾಲನ್ನು ಪ್ರವಾಸಿಗರಾದ ನಾವು ನಮ್ಮ ಹೆಸರಿಗೆ ಬರೆದುಕೊಳ್ಳಬೇಕೆಂದು.

ಆದುದರಿಂದ ನಮ್ಮ ಕಾಲೇಜಿನ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ವಾರ್ಷಿಕ ಪ್ರವಾಸಕ್ಕೆ ಗುಂಪುಗುಂಪಾಗಿ ಕಾರು ಮಾಡಿಕೊಳ್ಳುವುದನ್ನು ಬಿಟ್ಟು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಒಂದು ಬಸ್ಸನ್ನು ಗೊತ್ತುಮಾಡೋಣ. ಹೋದಲ್ಲಿ ಅರ್ಥಶಾಸ್ತ್ರ, ಭೂಗೋಲಗಳ ವಿದ್ಯಾರ್ಥಿಗಳು ಒಪ್ಪುವ ಒಬ್ಬ ದೋಣಿಯವನಿಗೆ ಕನ್ನಡದಲ್ಲಿ ಒಂದು ಲೆಕ್ಕದ ಪುಸ್ತಕ ಮಾಡಿಕೊಡಲಿ: ದಿನಾಂಕ, ಸುತ್ತು, ಜನ, ಲೀಟರ್, ಮತ್ತು ಜನ ಬಂದ ವಾಹನ. ಈ ಐದು ಅಂಕಣಗಳು ಸಾಕು. ಮೂರನೆಯದಾಗಿ, ಪ್ರತಿವರ್ಷವೂ ದೂರಕ್ಕೇ ಹೋಗಬೇಕೆಂದಿಲ್ಲ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಯ ದಂಡೆಯ ಮೇಲೆ ನಿಂತು ಅವುಗಳನ್ನು ನೋಡಲು ದೋಣಿಯೇ ಬೇಡ.

ಪದವಿ ಪಡೆದು ಹೊರಬೀಳುವ ನಮ್ಮಲ್ಲಿ ಕೆಲವರು ನಾಳೆ ಪ್ರವಾಸೋದ್ಯಮದಲ್ಲಿಯೇ ನೌಕರಿ ಹಿಡಿಯಬಹುದು, ಕೆಲವರು ಶಿಕ್ಷಕರಾಗಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯಬಹುದು. ಆಗಲೂ ದೋಣಿಯ ಹೊಗೆಯನ್ನು ಬೆರಳು ಮಾಡಿ ತೋರಿಸುವ ಮುನ್ನ ದಾರಿಯ ಹೊಗೆಯನ್ನು ನಮ್ಮ ಹೆಸರಿನಲ್ಲಿ ಬರೆದಿದ್ದೇವೆಯೇ ಎಂದು ನೋಡಿಕೊಳ್ಳೋಣ. ಈ ವರ್ಷದ ಪ್ರವಾಸದ ಸಮಿತಿ ಮೊದಲ ಪುಟವನ್ನು ತೆರೆಯಲೆಂದು ನನ್ನ ವಿನಂತಿ.