ಮೆಜೆಸ್ಟಿಕ್ ಲಾಡ್ಜಿನ ಇಪ್ಪತ್ತನಾಲ್ಕು ಗಂಟೆ

ಕರ್ನಾಟಕದ ಆಡುಮಾತಿನಲ್ಲಿ ಹೋಟೆಲ್ ಎಂದರೆ ಊಟ-ತಿಂಡಿಯ ಜಾಗ. ತಂಗುವುದಕ್ಕೆ ಇರುವುದು ಲಾಡ್ಜ್. ಬೆಂಗಳೂರಿನ ಮೆಜೆಸ್ಟಿಕ್ ಮತ್ತು ಗಾಂಧಿನಗರದ ಬೀದಿಗಳಲ್ಲಿ ಎಷ್ಟೋ ಕಡೆ ಇವೆರಡೂ ಒಂದೇ ಕಟ್ಟಡದಲ್ಲಿವೆ. ಕೆಳಗೆ ಇಡ್ಲಿ-ಕಾಫಿ, ಮೇಲಿನ ಮಹಡಿಗಳಲ್ಲಿ ರೂಮುಗಳು, ನಡುವೆ ಕಿರಿದಾದ ಮೆಟ್ಟಿಲು. ಈ ಪ್ರದೇಶ ತಂಗುವವರ ಪೇಟೆಯಾಗಿ ಬೆಳೆದದ್ದು ರೈಲು ಮತ್ತು ಬಸ್ಸಿನಿಂದ. ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ರೈಲು ನಿಲ್ದಾಣದ ಸಮೀಪದಲ್ಲೇ ಬಾಗಿಲು ತೆರೆಯಿತು. ಮುಂದೆ ಧರ್ಮಾಂಬುಧಿ ಕೆರೆಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು. 2017ರಿಂದ ನಮ್ಮ ಮೆಟ್ರೊದ ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುವುದೂ ಇಲ್ಲೇ. ಇಲ್ಲಿಂದ ವಿಧಾನಸೌಧ ಎರಡನೇ ಮೆಟ್ರೊ ನಿಲ್ದಾಣ. ಚಿಕ್ಕಪೇಟೆ ಇನ್ನೂ ಹತ್ತಿರ.

ಈ ಲಾಡ್ಜುಗಳಿಗೆ ಬರುವವರಲ್ಲಿ ಊರು ನೋಡಲು ಬಂದವರಿಗಿಂತ ಕೆಲಸದ ಮೇಲೆ ಬಂದವರೇ ಎದ್ದು ಕಾಣುತ್ತಾರೆ. ಹೈಕೋರ್ಟಿನಲ್ಲಿ ಕೇಸು ಇರುವವರು, ಸಚಿವಾಲಯದಲ್ಲಿ ಫೈಲು ಸಿಕ್ಕಿಕೊಂಡವರು, ಸ್ಪರ್ಧಾತ್ಮಕ ಪರೀಕ್ಷೆ ಬರೆಯಲು ಬಂದವರು, ಆಸ್ಪತ್ರೆಗೆ ರೋಗಿಯನ್ನು ಕರೆತಂದವರು, ಅಂಗಡಿಗೆ ಮಾಲು ಕೊಳ್ಳುವವರು. ಬೀದರ್, ರಾಯಚೂರು, ಬೆಳಗಾವಿ, ಕಾರವಾರದ ಕಡೆಯಿಂದ ರಾತ್ರಿ ಬಸ್ಸೋ ರೈಲೋ ಹತ್ತಿ ಬೆಳಗಿನ ಜಾವ ಇಳಿಯುತ್ತಾರೆ. ಕೆಲಸ ಮುಗಿದರೆ ಅದೇ ರಾತ್ರಿ ವಾಪಸು. ಅವರು ರಾತ್ರಿ ಕಳೆದದ್ದು ಬಸ್ಸಿನ ಸೀಟಿನಲ್ಲಿ, ಕಳೆಯಲಿರುವುದೂ ಅಲ್ಲೇ. ರೂಮು ಬೇಕಿರುವುದು ಸ್ನಾನಕ್ಕೆ, ಇಸ್ತ್ರಿ ಬಟ್ಟೆ ಹಾಕಿಕೊಳ್ಳಲು, ಬೀಗ ಹಾಕಿ ಬ್ಯಾಗು ಇಡಲು, ಮಧ್ಯಾಹ್ನ ಒಂದು ಗಳಿಗೆ ಬೆನ್ನು ಚಾಚಲು.

ಹಾಗಾಗಿ ನಗರದ ನಡುವಿನ ಲಾಡ್ಜಿನಲ್ಲಿ ಅತಿಥಿಯ ಅನುಭವ ಮಂಚ, ಟಿವಿ, ಪರದೆಗಳಿಗಿಂತ ಹೆಚ್ಚಾಗಿ ಗಡಿಯಾರದ ಮೇಲೆ ನಿಂತಿದೆ. ಹಳೆಯ ಲಾಡ್ಜುಗಳ ಬೋರ್ಡಿನಲ್ಲಿ ‘24 ಗಂಟೆ ಚೆಕ್‌ಔಟ್’ ಎಂದು ಬರೆದಿರುತ್ತಿದ್ದುದು ಇದೇ ಕಾರಣಕ್ಕೆ. ಬೆಳಿಗ್ಗೆ ಐದೂವರೆಗೆ ಕೀಲಿ ಪಡೆದವರಿಗೆ ಮರುದಿನ ಐದೂವರೆಯ ತನಕ ರೂಮು ಅವರದೇ. ದೊಡ್ಡ ಹೋಟೆಲುಗಳ ಪದ್ಧತಿಯಲ್ಲಿ ದಿನ ಶುರುವಾಗುವುದು ಮಧ್ಯಾಹ್ನ, ಮುಗಿಯುವುದು ಮರುದಿನ ಹನ್ನೊಂದಕ್ಕೋ ಹನ್ನೆರಡಕ್ಕೋ. ರೂಮಿನ ಬಾಡಿಗೆ ದಿನಕ್ಕೆ 1,500 ರೂಪಾಯಿ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಐದೂವರೆಗೆ ಬಂದು ರಾತ್ರಿ ಎಂಟಕ್ಕೆ ಹೊರಡುವವರು ಬಳಸುವುದು ಹದಿನಾಲ್ಕೂವರೆ ಗಂಟೆ. ಗಂಟೆಯ ಲೆಕ್ಕದಲ್ಲಿ ಅದು ಒಂದು ದಿನ. ಶೇ 5ರ ಜಿಎಸ್‌ಟಿ ಸೇರಿ 1,575 ರೂಪಾಯಿ. ಮಧ್ಯಾಹ್ನದ ಲೆಕ್ಕದಲ್ಲಿ ಅದೇ ವಾಸ ಎರಡು ದಿನವಾಗಿ 3,150 ರೂಪಾಯಿಗೆ ಏರುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿಸಲಾಗಿದೆ. ಆ ಇಳಿಕೆಯಿಂದ ಉಳಿಯುವ ನೂರು ಚಿಲ್ಲರೆ ರೂಪಾಯಿಯ ಹತ್ತಾರು ಪಟ್ಟು ಹಣವನ್ನು ಗಡಿಯಾರದ ಮುಳ್ಳು ಕಿತ್ತುಕೊಳ್ಳುತ್ತದೆ.

ಮಧ್ಯಾಹ್ನದ ನಿಯಮಕ್ಕೆ ಮಾಲೀಕರ ಬಳಿ ಕಾರಣಗಳಿವೆ. ಎಲ್ಲ ರೂಮುಗಳೂ ಒಂದೇ ಹೊತ್ತಿಗೆ ಖಾಲಿಯಾದರೆ ಗುಡಿಸಿ ಒರೆಸಲು, ಬೆಡ್‌ಶೀಟ್ ಬದಲಿಸಲು ಕಡಿಮೆ ಆಳು ಸಾಕು. ಆ್ಯಪ್‌ಗಳ ಬುಕಿಂಗ್ ರಾತ್ರಿಗಳ ಲೆಕ್ಕದಲ್ಲಿ ನಡೆಯುತ್ತದೆ. ಮುಂಗಡ ಬುಕ್ ಆದ ರೂಮು ಯಾವಾಗ ಖಾಲಿಯಾಗುತ್ತದೆಂಬುದು ಖಚಿತವಿರಬೇಕು. ಈ ಕಾರಣಗಳು ಸುಳ್ಳಲ್ಲ. ಆದರೆ ದಶಕಗಳ ಕಾಲ ಇದೇ ಬೀದಿಯ ಲಾಡ್ಜುಗಳು ಒಂದು ರಿಜಿಸ್ಟರು, ಒಂದು ಕೀಲಿಹಲಗೆ ಇಟ್ಟುಕೊಂಡೇ 24 ಗಂಟೆಯ ಲೆಕ್ಕ ನಡೆಸಿವೆ. ರೈಲ್ವೆಯ ವಿಶ್ರಾಂತಿ ಕೊಠಡಿಗಳು ಇಂದಿಗೂ 12 ಗಂಟೆ, 24 ಗಂಟೆಯ ಲೆಕ್ಕದಲ್ಲಿ ಆನ್‌ಲೈನಿನಲ್ಲೇ ಸಿಗುತ್ತವೆ. ಕಂಪ್ಯೂಟರ್ ಬಂದ ಮೇಲೆ ಸುಲಭವಾಗಬೇಕಿದ್ದದ್ದು ಅಸಾಧ್ಯವಾಯಿತು ಎಂಬ ಮಾತನ್ನು ಒಪ್ಪುವುದು ಕಷ್ಟ.

ನಿಯಮ ಯಾವುದೇ ಇರಲಿ, ಅದು ಹಣ ಕೊಡುವ ಮುಂಚೆ ಗೊತ್ತಾಗಬೇಕು. 1867ರ ಸರಾಯ್ ಕಾಯ್ದೆಯೇ ತಂಗುದಾಣದವರು ದರಪಟ್ಟಿಯನ್ನು ಕಾಣುವಂತೆ ಹಾಕಬೇಕು, ರೂಮು ಮತ್ತು ಚರಂಡಿ ಶುಚಿಯಾಗಿಡಬೇಕು, ಕಾವಲುಗಾರರನ್ನು ಇಡಬೇಕು ಎಂದಿತ್ತು. ಒಂದೂವರೆ ಶತಮಾನ ಕಳೆದರೂ ಎಷ್ಟೋ ರಿಸೆಪ್ಷನ್‌ಗಳಲ್ಲಿ ದರ ಬಾಯಿಮಾತಿನದ್ದು. ಶನಿವಾರಕ್ಕೆ ಒಂದು, ಪರೀಕ್ಷೆಯ ಹಿಂದಿನ ದಿನಕ್ಕೆ ಇನ್ನೊಂದು. ಬೇಡಿಕೆ ಏರಿದಾಗ ದರ ಏರಿಸುವುದು ವ್ಯಾಪಾರ ಎಂದೇ ಇಟ್ಟುಕೊಂಡರೂ, ಮೂರನೆಯವರ ಹಾಸಿಗೆಗೆ ಎಷ್ಟು, ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟರವರೆಗೆ, ತಡವಾದರೆ ಅರ್ಧ ದಿನವೋ ಪೂರ್ತಿ ದಿನವೋ ಎಂಬುದನ್ನು ಮುಚ್ಚಿಟ್ಟು, ಅಡ್ವಾನ್ಸ್ ಕೈಗೆ ಬಂದ ಮೇಲೆ ಹೇಳುವುದು ವ್ಯಾಪಾರವಲ್ಲ.

ಗುರುತಿನ ಚೀಟಿಯ ವಿಷಯದಲ್ಲಿ ಅತಿಥಿಗೆ ಆಗುವ ನೋವು ಇದಕ್ಕಿಂತ ಹೆಚ್ಚಿನದು. ಬಂದವರ ವಿವರ ಬರೆದಿಡುವುದು ಸುರಕ್ಷತೆಗೆ ಬೇಕಾದದ್ದೇ. ವಿದೇಶಿಯರ ಮಾಹಿತಿಯನ್ನು 24 ಗಂಟೆಯೊಳಗೆ ಅಧಿಕಾರಿಗಳಿಗೆ ತಲುಪಿಸಬೇಕೆಂಬ ನಿಯಮವೂ ಇದೆ. ಆದರೆ ಬೆಂಗಳೂರಿನ ವಿಳಾಸ ಇದ್ದವರಿಗೆ ರೂಮಿಲ್ಲ, ಒಂಟಿ ಹೆಂಗಸಿಗೆ ರೂಮಿಲ್ಲ, ಮದುವೆಯಾಗದ ಜೋಡಿಗೆ ರೂಮಿಲ್ಲ ಎಂಬ ಕೌಂಟರಿನ ನಿಯಮಗಳಿಗೆ ಕಾನೂನಿನ ಬೆಂಬಲವಿಲ್ಲ. ವಯಸ್ಕ ಜೋಡಿಯೊಂದು ಹೋಟೆಲಿನಲ್ಲಿ ಒಟ್ಟಿಗೆ ತಂಗುವುದು ಅಪರಾಧವಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲೇ ಹೇಳಿದೆ. ರಾತ್ರಿ ಮೆಟ್ರೊ ನಿಂತ ಮೇಲೆ, ಒಬ್ಬಳೇ ಬಂದ ಹೆಣ್ಣುಮಗಳನ್ನು ಹಿಂದಕ್ಕೆ ಕಳಿಸಿದರೆ ಅವಳು ಹೋಗಬೇಕಾದ್ದು ಬಸ್ ನಿಲ್ದಾಣದ ಬೆಂಚಿಗೆ. ಅದನ್ನು ಮರ್ಯಾದೆ ಕಾಪಾಡುವ ಕ್ರಮ ಎನ್ನಲಾಗದು. ಅದು ಅಪಾಯಕ್ಕೆ ದೂಡುವ ಕೆಲಸ.

ಚೀಟಿಯ ಜೆರಾಕ್ಸ್ ಪ್ರತಿಗಳ ಪಾಡು ಇನ್ನೊಂದು. ಮೇಜಿನ ಡ್ರಾಯರಿನಲ್ಲೋ ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲೋ ಸಾವಿರಾರು ಜನರ ಆಧಾರ್ ಪ್ರತಿಗಳು ರಾಶಿ ಬಿದ್ದಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಹೆಸರೇ ಹೇಳುವಂತೆ, ಡಿಜಿಟಲ್ ರೂಪದ ಮಾಹಿತಿಗೆ ಅನ್ವಯಿಸುತ್ತದೆ. ಕಾಗದದಲ್ಲೇ ಉಳಿದ ಪ್ರತಿ ಅದರ ಕೈಗೆ ಸಿಗುವುದಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಆಧಾರ್ ನೀಡುವ ಪ್ರಾಧಿಕಾರದ ಜಾಲತಾಣದಿಂದಲೇ ಪಡೆಯಬಹುದು. ಕೌಂಟರಿನಲ್ಲಿ ಅಷ್ಟು ಸಾಕೆನ್ನುವ ಅಭ್ಯಾಸ ಬೆಳೆಯಬೇಕು.

‘ಬೆಲೆಬಾಳುವ ವಸ್ತುಗಳಿಗೆ ಆಡಳಿತದವರು ಜವಾಬ್ದಾರರಲ್ಲ’ ಎಂಬ ಫಲಕ ಬಹುತೇಕ ರೂಮುಗಳ ಬಾಗಿಲ ಹಿಂದೆ ಇರುತ್ತದೆ. ಆ ಒಂದು ಸಾಲಿನಿಂದ ಹೊಣೆ ಪೂರ್ತಿ ಕಳಚಿತು ಎಂದು ಎರಡೂ ಕಡೆಯವರು ನಂಬಿದ್ದಾರೆ. 1998ರಲ್ಲಿ ದೆಹಲಿಯ ಹೋಟೆಲೊಂದರ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟಿದ್ದ ಕಾರು ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಪಾರ್ಕಿಂಗ್ ಚೀಟಿಯ ಮೇಲೆ ‘ವಾಹನ ಮಾಲೀಕರದೇ ಹೊಣೆ’ ಎಂದು ಅಚ್ಚು ಹಾಕಿದ ಮಾತ್ರಕ್ಕೆ ತನ್ನ ಸಿಬ್ಬಂದಿಯ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲ್ ನುಣುಚಿಕೊಳ್ಳಲಾಗದು ಎಂಬುದು ಅದರ ಸಾರ. ಆ ತೀರ್ಪು ವಾಹನದ ಬಗ್ಗೆ. ಆದರೂ ಬಾಗಿಲ ಹಿಂದಿನ ಫಲಕವನ್ನು ಕೊನೆಯ ಮಾತೆಂದು ತಿಳಿಯಬೇಕಿಲ್ಲ.

ನಗರಮಧ್ಯದ ಲಾಡ್ಜಿಗೆ ಗದ್ದಲ, ಆಟೊ ಹಾರನ್, ಪಕ್ಕದ ರೂಮಿನ ಟಿವಿ ಸಹಜ. ಬಂದವರೂ ಅದನ್ನು ಸಹಿಸಿಕೊಳ್ಳುತ್ತಾರೆ. ಸಹಿಸಬಾರದ್ದು ಬೆಂಕಿಯ ಅಪಾಯ. ದೆಹಲಿಯ ಕರೋಲ್ ಬಾಗ್‌ನಲ್ಲಿ 2019ರ ಫೆಬ್ರುವರಿಯಲ್ಲಿ 17 ಜನ, ಕೋಲ್ಕತ್ತದ ಬಡಾಬಜಾರ್‌ನಲ್ಲಿ 2025ರ ಏಪ್ರಿಲ್‌ನಲ್ಲಿ 14 ಜನ ಹೋಟೆಲ್ ಬೆಂಕಿಗೆ ಬಲಿಯಾದರು. ಎರಡೂ ಊರ ನಡುವಿನ, ಒತ್ತೊತ್ತಾದ ವ್ಯಾಪಾರಿ ಪ್ರದೇಶಗಳು. ಕೋಲ್ಕತ್ತದಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹೊಗೆ. ಒಂದೇ ಮೆಟ್ಟಿಲು, ಎಸಿಗಾಗಿ ಮುಚ್ಚಿದ ಕಿಟಕಿ, ಹಳೇ ಹಾಸಿಗೆ ತುಂಬಿದ ಹಿಂಬಾಗಿಲು ಇರುವ ಕಟ್ಟಡದಲ್ಲಿ, ಊರು ಗೊತ್ತಿಲ್ಲದ ಅತಿಥಿ ಕತ್ತಲಲ್ಲಿ ದಾರಿ ಹುಡುಕಬೇಕು. ಮೆಜೆಸ್ಟಿಕ್‌ನ ಹಳೆಯ ಕಟ್ಟಡಗಳನ್ನು ಈ ಕಣ್ಣಿನಿಂದ ಒಂದೊಂದಾಗಿ ಪರಿಶೀಲಿಸುವ ಕೆಲಸವನ್ನು ಮುಂದೂಡಲಾಗದು.

ಆನ್‌ಲೈನ್ ವಿಮರ್ಶೆಗಳಲ್ಲಿ ಇಂಥ ಲಾಡ್ಜುಗಳಿಗೆ ಸಿಗುವ ಮೊದಲ ಹೊಗಳಿಕೆ ‘ಬಸ್‌ಸ್ಟ್ಯಾಂಡಿಗೆ ಹತ್ತಿರ’. ನಕ್ಷತ್ರಗಳ ಸರಾಸರಿಯಲ್ಲಿ ಆ ಒಂದು ಗುಣ ಉಳಿದ ಕೊರತೆಗಳನ್ನು ಮುಚ್ಚಿಬಿಡುತ್ತದೆ. ಆದರೆ ಆ ಹತ್ತಿರತನ ಮಾಲೀಕರು ಕಟ್ಟಿದ್ದಲ್ಲ. ರೈಲು ನಿಲ್ದಾಣ, ಬಸ್ ನಿಲ್ದಾಣ, ಮೆಟ್ರೊ ಎಲ್ಲವೂ ಸಾರ್ವಜನಿಕ ಹಣದಿಂದ ಆದವು. ಬೀದರಿನಿಂದ ಬಂದು ಕೀಲಿ ಕೇಳುವವರ ತೆರಿಗೆಯೂ ಅದರಲ್ಲಿದೆ. ಸಾರ್ವಜನಿಕರು ಕೊಟ್ಟ ಜಾಗದ ಬೆಲೆಯನ್ನು ಬಾಡಿಗೆಯಾಗಿ ಪಡೆಯುವವರಿಗೆ ಸಾರ್ವಜನಿಕರು ಷರತ್ತು ಹಾಕುವುದು ನ್ಯಾಯವೇ. ನಿಲ್ದಾಣಗಳ ಸುತ್ತಲಿನ ಲಾಡ್ಜುಗಳ ಉದ್ದಿಮೆ ಪರವಾನಗಿ ನವೀಕರಿಸುವಾಗ ಪಾಲಿಕೆ ಕೀಲಿ ಕೊಟ್ಟ ಹೊತ್ತಿನಿಂದ 24 ಗಂಟೆಯ ಲೆಕ್ಕವನ್ನೂ, ಕನ್ನಡದಲ್ಲಿ ಬರೆದ ದರಪಟ್ಟಿಯನ್ನೂ, ತೆರೆದಿರುವ ಎರಡನೇ ದಾರಿಯನ್ನೂ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ, ಹೇಳದೆ ಹಾಕಿದ ಹಣಕ್ಕೆ ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.