ಮಗಳ ಡಾಕ್ಟರೇಟಿಗೆ ಮನೆ ಅಡವೇ?

ಪ್ರಶ್ನೆ: ಎಂ.ಎಸ್ಸಿ. ಮನಶ್ಶಾಸ್ತ್ರ ಮುಗಿಸಿರುವ ಮಗಳು ಇಂಗ್ಲೆಂಡಿನಲ್ಲಿ ಸ್ವಂತ ಖರ್ಚಿನಿಂದ ಕೌನ್ಸೆಲಿಂಗ್ ಸೈಕಾಲಜಿ ಡಾಕ್ಟರೇಟ್ ಮಾಡುತ್ತೇನೆನ್ನುತ್ತಾಳೆ. ಮನೆ ಅಡವಿಟ್ಟು ಸಾಲ ಮಾಡಬಹುದೇ?
—ಒಬ್ಬ ತಂದೆ, ಹಾಸನ

ಉತ್ತರ: ಅವಸರ ಬೇಡ. ಮಗಳ ಪದವಿಗಳಿಗೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಜಿ.ಬಿ.ಸಿ. ಮಾನ್ಯತೆ ಸಿಗುವುದೇ ಎಂದು ಮೊದಲು ವಿಚಾರಿಸಿ. ಸಾಮಾನ್ಯವಾಗಿ ಅದಿಲ್ಲದೆ ಪ್ರವೇಶ ಕಷ್ಟ. ಕೋರ್ಸಿಗೆ ಎಚ್.ಸಿ.ಪಿ.ಸಿ. ಅನುಮೋದನೆಯೂ ಇರಬೇಕು, ಆ ಸಂಸ್ಥೆಯಲ್ಲಿ ನೋಂದಣಿಯಾಗದವರು ಅಲ್ಲಿ ಕೌನ್ಸೆಲಿಂಗ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ.

ಇನ್ನು ಹಣ. ಪೂರ್ಣಾವಧಿ ಓದು ಸಾಮಾನ್ಯವಾಗಿ 3 ವರ್ಷ. ಬೋಧನಾ ಶುಲ್ಕವನ್ನಷ್ಟೇ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಓದುವಾಗ ವಿದ್ಯಾರ್ಥಿಯೇ ಒಬ್ಬ ಚಿಕಿತ್ಸಕರ ಬಳಿ ಕೂರಬೇಕು, ಅದರ ಹಣ ಹೆಚ್ಚಾಗಿ ವಿದ್ಯಾರ್ಥಿಯದೇ. ವಿಚಿತ್ರವೆನಿಸಿದರೂ ನಿಯಮ ಒಳ್ಳೆಯದೇ. ಪ್ರಾಯೋಗಿಕ ತರಬೇತಿಗೆ ಅನೇಕ ಕಡೆ ಸಂಬಳವಿಲ್ಲ, ಓಡಾಟದ ಖರ್ಚು ಮಾತ್ರ ಉಂಟು. ಚಿಕಿತ್ಸೆ ಎಷ್ಟು ಗಂಟೆ, ತರಬೇತಿಯ ಜಾಗ ಹುಡುಕುವವರು ಯಾರು, ಪ್ರತಿವರ್ಷ ಶುಲ್ಕ ಏರುವುದೇ ಎಂದು ಮಗಳಿಂದಲೇ ಬರೆಸಿ ಕೇಳಿ. ಉತ್ತರ ಕೈಸೇರುವವರೆಗೆ ಮನೆಪತ್ರ ಬೀರುವಿನಲ್ಲೇ ಇರಲಿ.